ನೀರಿನ ಗ್ರೂಪಿಗೆ ಹೋದ ನಲವತ್ಮೂರು ಹೆಸರು

ಒಂದ್ ಹತ್ತು ನಿಮಿಷ ಬೇರೆ ಎಲ್ಲಾ ಪಕ್ಕಕ್ಕಿಟ್ಟು ಇದನ್ನ ಕೇಳಿ. ಫೋನಲ್ಲೇ ಓದ್ತಿದ್ರೆ, ಮಧ್ಯದಲ್ಲಿ ಮೆಸೇಜ್ ಬಂದ್ರೆ ತೆಗೀಬೇಡಿ, ಅಷ್ಟು ಸಾಕು. ಅರ್ಧ ಕೇಳಿ ಎದ್ದು ಹೋದ್ರೆ ನೀವು ನನ್ನನ್ನ ಬೈತೀರ, ಇಲ್ಲಾಂದ್ರೆ ಪಾಪ ಅಂತೀರ. ಎರಡೂ ಬೇಡ. ಪೂರ್ತಿ ಕೇಳಿ, ಆಮೇಲೆ ಏನ್ ಬೇಕಾದ್ರೂ ಅನ್ನಿ. ಇದರಲ್ಲಿ ಬರೋ ಹೆಸರುಗಳನ್ನೆಲ್ಲ ಬದಲಾಯಿಸಿದೀನಿ. ಅಷ್ಟಾದ್ರೂ ಕಲ್ತಿದೀನಿ ಈಗ.

ನಾನು ದಿವ್ಯಾ. ಬಾಗಲಗುಂಟೆ. ಇಲ್ಲಿಗೆ ಯಾವಾಗ ಬಂದ್ರಿ ಅಂತ ಕೇಳಿದ್ರೆ ನಮ್ಮಪ್ಪ ನಗ್ತಾರೆ, ನಾವು ಬಂದಿಲ್ಲ, ಊರೇ ನಮ್ಮ ಸುತ್ತ ಬಂತು ಅಂತ. ತಾತ ರಾಗಿ ಹಾಕ್ತಿದ್ದ ಜಾಗದಲ್ಲಿ ಈಗ ಮೂರು ಫ್ಲೋರ್, ಹದಿನಾಲ್ಕು ಮನೆ. ಬಾಡಿಗೆಗೆ ಇರೋರೆಲ್ಲ ಪೀಣ್ಯ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡೋರು. ಅಪ್ಪ ಮುನಿಕೃಷ್ಣಗೆ ಮಂಡಿ ನೋವು, ಮೆಟ್ಲು ಹತ್ತಲ್ಲ. ಹಾಗಾಗಿ ಬಿಲ್ಡಿಂಗ್ ನಂದು. ನಂದು ಅಂದ್ರೆ, ಬಲ್ಬ್ ಹೋದ್ರೆ ನಾನು, ಜಗಳ ಆದ್ರೆ ನಾನು, ನೀರು ಬಂದ್ರೆ ನಾನು. ವಾರಕ್ಕೆ ಎರಡು ದಿನ ಕಾವೇರಿ ನೀರು. ಕೆಳಗಿನ ಸಂಪ್‌ ತೊಟ್ಟಿಗೆ ಬಂದ ತಕ್ಷಣ ಮೋಟರ್ ಹಾಕಿ, ಮೇಲಿನ ಟ್ಯಾಂಕ್ ತುಂಬಿದ್ಮೇಲೆ ಒಂದೊಂದೇ ಫ್ಲೋರಿಗೆ ವಾಲ್ವ್ ತಿರುಗಿಸಿ ಬಿಡ್ಬೇಕು. ಬಿಟ್ಟು, ಬಾಗಿಲು ಬಾಗಿಲಿಗೂ ಹೋಗಿ ಡ್ರಮ್ ತುಂಬ್ಕೊಳ್ಳಿ ಅಂತ ಹೇಳ್ಬೇಕು. ಇದು ನೆನಪಿಟ್ಕೊಳ್ಳಿ, ನನ್ನ ಇಡೀ ಪ್ರಾಬ್ಲಮ್ಮು ಇದರ ಮೇಲೇ ನಿಂತಿದೆ.

ಬಿ.ಕಾಂ ಮುಗಿಸಿ ಒಂದು ವರ್ಷ ಸುಮ್ನೆ ಕೂತಿದ್ದಾಗ ಒಂದು ಪಕ್ಷಕ್ಕೆ ಸೇರ್ಕೊಂಡೆ. ಹೆಸರು ಹೇಳಲ್ಲ, ಹೇಳಿದ್ರೂ ನೀವು ಕೇಳಿರಲ್ಲ. ಚಿಕ್ಕ ಪಕ್ಷ. ದಾಸರಹಳ್ಳಿ ಮೆಟ್ರೋ ಹತ್ರ ಜೆರಾಕ್ಸ್ ಅಂಗಡಿ ಮೇಲೆ ಒಂದು ರೂಮು, ಹನ್ನೆರಡು ಪ್ಲಾಸ್ಟಿಕ್ ಚೇರು, ಅದರಲ್ಲಿ ಎರಡಕ್ಕೆ ಕಾಲು ಸರಿ ಇಲ್ಲ. ಆದ್ರೆ ಅಲ್ಲಿ ಮಾತಾಡಿದ್ದು ನನಗೆ ಸಕ್ಕತ್ ಇಷ್ಟ ಆಯ್ತು. ಬಸ್ಸು, ಚರಂಡಿ, ಶಿಫ್ಟು, ಹೆಂಗಸರು ಫ್ಯಾಕ್ಟರಿಯಿಂದ ಮನೆಗೆ ಬರೋ ದಾರೀಲಿ ಲೈಟು. ಯಾರೂ ಭಾಷಣ ಮಾಡ್ಲಿಲ್ಲ. ನಾನು ಮೊದಲ್ನೇ ದಿನಾನೇ ಸದಸ್ಯತ್ವ ಮಾಡಿಸೋ ಕೆಲಸ ಕೊಡಿ ಅಂತ ಕೈ ಎತ್ತಿದೆ.

ನಮ್ಮ ಏರಿಯಾ ನೋಡ್ಕೊಳ್ಳೋರು ಶೈಲಶ್ರೀ ಅಕ್ಕ. ಹೈಸ್ಕೂಲಲ್ಲಿ ಗಣಿತ ಟೀಚರ್ ಆಗಿ ರಿಟೈರ್ ಆದೋರು. ಫಾರ್ಮ್ ಕೊಡೋಕ್ಕೆ ಮುಂಚೆ ನಮ್ಮನ್ನ ಒಂದು ಗಂಟೆ ಕೂರಿಸಿದ್ರು. ಫಾರ್ಮಲ್ಲಿ ಮೂರೇ ವಿಷಯ, ಹೆಸರು, ಫೋನ್ ನಂಬರು, ವಾರ್ಡು. ಬರೆಸ್ಕೊಳ್ಳಿ, ಪಕ್ಷದ ಆ್ಯಪಲ್ಲಿ ಹಾಕಿ, ಎರಡು ದಿನದಲ್ಲಿ ಫಾರ್ಮ್ ನನಗೆ ವಾಪಸ್ ಕೊಡಿ. ಫೋಟೋ ಹೊಡ್ಕೋಬೇಡಿ. ನಿಮ್ಮ ಫೋನಲ್ಲಿ ಲಿಸ್ಟ್ ಇಟ್ಕೋಬೇಡಿ. ಏನಾದ್ರೂ ಎಡವಟ್ಟಾದ್ರೆ ಅದೇ ಗಂಟೇಲಿ ನನಗೆ ಫೋನ್ ಮಾಡಿ, ಮಾರನೇ ದಿನ ಅಲ್ಲ. ಇಷ್ಟು ಹೇಳಿ, ಸದಸ್ಯರ ನಂಬರ್ ನಿಮ್ಮದಲ್ಲ, ಅವರು ನಿಮ್ಮ ಹತ್ರ ಇಡೋಕೆ ಕೊಟ್ಟಿರೋದು ಅಂದ್ರು.

ನಾನು ತಲೆ ಆಡಿಸ್ದೆ. ಜೋರಾಗೇ ಆಡಿಸ್ದೆ. ಮನೆಗೆ ಬರೋ ಮೆಟ್ರೋದಲ್ಲೇ ಫೋನಲ್ಲಿ ಒಂದು ಶೀಟ್ ಓಪನ್ ಮಾಡಿದೆ.

ಯಾಕೆ ಅಂತ ಕೇಳಿ. ಮೂರು ವಿಷಯ ಬರೆಸ್ಕೊಂಡು ಏನ್ ಮಾಡೋದು ಅನ್ನಿಸ್ತು ನನಗೆ. ಜನ ಅಷ್ಟೊಂದು ಮಾತಾಡ್ತಾರೆ, ಅದೆಲ್ಲ ಎಲ್ಲಿ ಹೋಗುತ್ತೆ? ಹಾಗಾಗಿ ನನ್ನ ಶೀಟಲ್ಲಿ ಹೆಸರು, ನಂಬರು, ವಾರ್ಡು ಆದ್ಮೇಲೆ ಮನೆ ಅಡ್ರೆಸ್ಸು, ಯಾವ ಫ್ಯಾಕ್ಟರಿ, ಯಾರ ಕಡೆಯಿಂದ ಕೆಲಸಕ್ಕೆ ಸೇರಿರೋದು, ಇಷ್ಟು ಸೇರಿಸ್ದೆ. ಕೊನೇಲಿ ಇನ್ನೊಂದು ಕಾಲಂ. ಅದಕ್ಕೆ ‘ಏನಂದ್ರು’ ಅಂತ ಹೆಸರಿಟ್ಟೆ. ನೀರಿನ ದಿನ ಬಾಗಿಲಿಗೆ ಹೋದಾಗ ಡ್ರಮ್ ತುಂಬೋವರೆಗೂ ಟೈಮ್ ಇರುತ್ತಲ್ಲ, ಟೀ ಕೊಡ್ತಾರೆ, ಆಗ ಫಾರ್ಮ್ ತೆಗೀತಿದ್ದೆ. ಅವರು ಹೇಳಿದ್ದನ್ನ ಮೆಟ್ಲು ಇಳೀತಾ ಟೈಪ್ ಮಾಡ್ತಿದ್ದೆ. ಮೊದಲು ನಮ್ಮ ಬಿಲ್ಡಿಂಗು, ಆಮೇಲೆ ಎದುರುಗಡೆದು, ಪಕ್ಕದ ರೋಡು. ಮೂರು ವಾರಕ್ಕೆ ನಲವತ್ಮೂರು ಜನ. ಟೀಮಲ್ಲಿ ಯಾರೂ ಇಪ್ಪತ್ತು ದಾಟಿರ್ಲಿಲ್ಲ. ಗಾಳೀಲಿ ತೇಲಾಡ್ತಿದ್ದೆ ಗುರು.

ಆ ನಲವತ್ಮೂರರಲ್ಲಿ ಒಬ್ರು ಸೌಮ್ಯಕ್ಕ. ನಮ್ಮ ಬಿಲ್ಡಿಂಗಲ್ಲಿ ಒಂಬತ್ತನೇ ನಂಬರ್ ಮನೆ. ಚಳ್ಳಕೆರೆ ಕಡೆಯೋರು, ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸಿರಬಹುದು, ತಮ್ಮನ್ನ ಓದಿಸ್ತಿದಾರೆ. ಪ್ರೆಸ್ ಶಾಪಲ್ಲಿ ಕೆಲಸ. ತಗಡು ಒತ್ತೋ ಮೆಷಿನ್ನು, ಅದಕ್ಕೆ ಕೈ ಸಿಗದ ಹಾಗೆ ಮುಂದೆ ಒಂದು ಕಬ್ಬಿಣದ ಗಾರ್ಡ್ ಇರುತ್ತಂತೆ. ಗಾರ್ಡ್ ಇದ್ರೆ ಕೆಲಸ ನಿಧಾನ ಅಂತ ಸೂಪರ್‌ವೈಸರ್ ಅದನ್ನ ಬಿಚ್ಚಿಸಿ ಕೆಲಸ ಮಾಡಿಸ್ತಾನೆ, ಹೋದ ತಿಂಗಳು ಒಬ್ಬ ಹುಡುಗೀದು ಬೆರಳು ಹೋಯ್ತು, ಅದನ್ನ ಮನೇಲಿ ಆಗಿದ್ದು ಅಂತ ಬರೆಸ್ಕೊಂಡ್ರು ಅಂತ ಹೇಳಿದ್ರು. ಹೇಳಿ ಆದ್ಮೇಲೆ, ದಿವ್ಯಾ ಅವ್ರೇ ಇದು ನನ್ನಿಂದ ಅಂತ ಗೊತ್ತಾಗಬಾರ್ದು ಅಂದ್ರು. ಛೇ ಛೇ, ಯಾರಿಗ್ ಹೇಳ್ತೀನಿ ಅಂದೆ. ಮೆಟ್ಲು ಇಳೀತಾ ಎಲ್ಲಾ ಟೈಪ್ ಮಾಡ್ದೆ. ಬೆರಳಿನ ವಿಷಯಾನೂ, ಸೂಪರ್‌ವೈಸರ್ ವಿಶ್ವನಾಥ್ ಹೆಸರೂ.

ಈಗ ಇನ್ನೊಬ್ರ ಬಗ್ಗೆ ಹೇಳ್ಬೇಕು. ಸೌಮ್ಯಕ್ಕನ್ನ ಆ ಪ್ರೆಸ್ ಶಾಪಿಗೆ ಸೇರಿಸಿದ್ದು ನಮ್ಮ ದೊಡ್ಡಪ್ಪ, ನಲ್ಲಪ್ಪ. ಅಪ್ಪನ ಸ್ವಂತ ಅಣ್ಣ. ಎರಡು ಕ್ರಾಸ್ ಆಚೆ ಮನೆ. ಅವರದ್ದೂ ಬಿಲ್ಡಿಂಗ್ ಇದೆ, ಅದರ ಜೊತೆಗೆ ಫ್ಯಾಕ್ಟರಿಗಳಿಗೆ ಜನ ಕಳಿಸೋ ಏಜೆನ್ಸಿ. ನಮ್ಮ ಕಡೆ ಇದು ಮಾಮೂಲು, ಬಾಡಿಗೆ ಮನೆ ಕೊಡೋರೇ ಕೆಲಸಾನೂ ಕೊಡಿಸ್ತಾರೆ. ವಿಶ್ವನಾಥ್ ದೊಡ್ಡಪ್ಪನ ಆಳು. ಫ್ಯಾಕ್ಟರಿ ಒಳಗೆ ನಿಂತು ಇವರ ಜನಾನ ನೋಡ್ಕೋತಾನೆ. ನನ್ನ ನಲವತ್ಮೂರರಲ್ಲಿ ಹನ್ನೊಂದು ಜನ ದೊಡ್ಡಪ್ಪನ ಕಡೆಯೋರು. ಅವರಿಗೆ ಯಾರಿಗೂ ಕಾಗದ ಗೀಗದ ಇಲ್ಲ. ನಾಳೆಯಿಂದ ಬರಬೇಡ ಅಂದ್ರೆ ಮುಗೀತು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಫೋನಲ್ಲಿ ಇಟ್ಕೊಂಡಿದ್ದೆ.

ಶನಿವಾರ. ನೀರಿನ ದಿನ. ಬೆಳಿಗ್ಗೆ ಆರೂವರೆಗೇ ನಮ್ಮ ನೀರಿನ ಗ್ರೂಪ್ ಶುರು. ಏರಿಯಾದ ಬಿಲ್ಡಿಂಗ್ ಓನರ್‌ಗಳದ್ದೇ ಒಂದು ವಾಟ್ಸಾಪ್ ಗ್ರೂಪು ಅದು, ಮೂವತ್ತೊಂದು ಜನ. ನಿಮ್ಮ ಕಡೆ ಬಂತಾ, ನಮ್ಮ ಕಡೆ ಫೋರ್ಸ್ ಇಲ್ಲ, ಟ್ಯಾಂಕರ್‌ನವನ ನಂಬರ್ ಕೊಡಿ, ಇಷ್ಟೇ. ಅಪ್ಪನ ಬದಲು ಅದರಲ್ಲಿ ನಾನಿದೀನಿ. ಅದೇ ಹೊತ್ತಿಗೆ ಶೈಲಶ್ರೀ ಅಕ್ಕ ಪಕ್ಷದ ಟೀಮ್ ಗ್ರೂಪಲ್ಲಿ ಕೇಳಿದ್ರು, ಯಾರದ್ದು ಎಷ್ಟಾಯ್ತು, ಬರೀ ಸಂಖ್ಯೆ ಹೇಳಿ.

ಬರೀ ಸಂಖ್ಯೆ ಹೇಳಿದ್ರೆ ಮುಗೀತಿತ್ತು ನೋಡಿ. ನಲವತ್ಮೂರು ಅಂತ ಎರಡು ಅಂಕಿ. ನನಗೆ ಅದು ಸಾಲ್ಲಿಲ್ಲ. ಇಡೀ ಲಿಸ್ಟ್ ಹಾಕಿ ಎಲ್ಲರ ಬಾಯಿ ಮುಚ್ಚಿಸೋಣ ಅನ್ನಿಸ್ತು. ಒಂದು ಕೈ ವಾಲ್ವ್ ಮೇಲೆ, ಇನ್ನೊಂದು ಕೈ ಒದ್ದೆ, ಶೇರ್ ಒತ್ತಿದೆ, ಮೇಲುಗಡೆ ಬಂದ ಮೊದಲ್ನೇ ಗ್ರೂಪ್ ಒತ್ತಿದೆ, ಕಳಿಸ್ದೆ. ಫೋನ್ ಜೇಬಿಗಿಟ್ಟು ಎರಡನೇ ಫ್ಲೋರಿಗೆ ಹತ್ತಿದೆ. ಏಳು ಹತ್ತಾಗಿತ್ತು.

ಏಳು ಇಪ್ಪತ್ತೊಂದಕ್ಕೆ, ಟೀಮಲ್ಲಿ ಯಾರೂ ವಾವ್ ಅಂತ ಹಾಕಿಲ್ವಲ್ಲ ಅಂತ ಫೋನ್ ತೆಗೆದೆ.

ಮೊದಲು ಅರ್ಥ ಆಗ್ಲಿಲ್ಲ. ನನ್ನ ಫೈಲಿನ ಕೆಳಗೆ ಯಾರೋ ‘ಸೆಕೆಂಡ್ ಮೇನಲ್ಲಿ ನೀರು ಬಂತು’ ಅಂತ ಹಾಕಿದಾರೆ. ಇವರ್ಯಾಕೆ ಪಕ್ಷದ ಗ್ರೂಪಲ್ಲಿ ನೀರಿನ ವಿಷಯ ಹಾಕ್ತಿದಾರೆ ಅಂದ್ಕೊಂಡೆ. ಆಮೇಲೆ ಮೇಲುಗಡೆ ಗ್ರೂಪಿನ ಹೆಸರು ನೋಡ್ದೆ. ಮೆಟ್ಲಲ್ಲೇ ಕೂತ್ಕೊಂಡೆ. ಯಾರ್ಯಾರು ನೋಡಿದಾರೆ ಅಂತ ತೆಗೆದು ನೋಡ್ದೆ. ಆರು ಜನ ನೋಡಿದ್ರು. ಐದು ಹೆಸರು ಮನಸ್ಸಲ್ಲಿ ಬರ್ಕೊಂಡೆ. ಆರನೇದು ನಲ್ಲಪ್ಪ ದೊಡ್ಡಪ್ಪ. ಡಿಲೀಟ್ ಫಾರ್ ಎವ್ರಿವನ್ ಒತ್ತಿದೆ.

ಗ್ರೂಪಲ್ಲಿ ಯಾರೋ ತಕ್ಷಣ, ಏನ್ ದಿವ್ಯಾ, ಟ್ಯಾಂಕರ್‌ನವನಿಗೆ ಬರೆದ ಲವ್ ಲೆಟರಾ ಡಿಲೀಟ್ ಮಾಡಿದ್ದು ಅಂತ ಹಾಕಿದ್ರು. ನಾಲ್ಕು ಜನ ನಕ್ರು. ನಾನೂ ನಗೋ ಮುಖ ಹಾಕ್ದೆ.

ಮೇಲಿಂದ ನೀರು ಸುರಿಯೋ ಸದ್ದು. ಟ್ಯಾಂಕ್ ತುಂಬಿ ಹೊರಗೆ ಚೆಲ್ತಾ ಇತ್ತು. ಅಪ್ಪ ಕೆಳಗಿಂದ ಕೂಗ್ತಾ ಇದ್ರು. ಓಡಿ ಹೋಗಿ ಮೋಟರ್ ಆಫ್ ಮಾಡ್ದೆ. ಮತ್ತೆ ಫೋನ್ ತೆಗೆದೆ. ಇಟ್ಟೆ. ತೆಗೆದೆ. ಗ್ರೂಪಲ್ಲಿ ಡಿಲೀಟ್ ಆದ್ರೂ ಡೌನ್‌ಲೋಡ್ ಮಾಡ್ಕೊಂಡಿದ್ರೆ ಅವರ ಫೋನಲ್ಲಿ ಹಾಗೇ ಇರುತ್ತೆ, ಅದು ನನಗೆ ಗೊತ್ತು. ಶೈಲಶ್ರೀ ಅಕ್ಕನ ನಂಬರ್ ತೆಗೆದೆ, ಒತ್ತಲಿಲ್ಲ. ಮೊದಲು ಎಷ್ಟಾಗಿದೆ ನೋಡೋಣ, ಏನೂ ಆಗಿಲ್ಲ ಅಂದ್ರೆ ಹೇಳೋದೇನಿದೆ, ಇದು ನನ್ನ ತಲೇಲಿ ಓಡ್ತಿದ್ದಿದ್ದು. ಒಂದು ಗಂಟೆ ಹೀಗೇ ಹೋಯ್ತು. ತಿಂಡಿ ತಟ್ಟೆ ಮುಂದೆ ಕೂತು ಎದ್ದೆ. ಅಮ್ಮ, ಯಾಕೆ ಇರುವೆ ಹತ್ತಿದೋಳ ಥರ ಆಡ್ತೀಯ ಅಂದ್ರು. ಚಪ್ಪಲಿ ಹಾಕ್ಕೊಂಡು ದೊಡ್ಡಪ್ಪನ ಮನೆಗೆ ಹೊರಟೆ.

ದೊಡ್ಡಪ್ಪ ಜಗಲಿ ಮೇಲೆ ಕೂತು ಕಾಫಿ ಕುಡೀತಿದ್ರು. ಫೋನು ಕಿಟಕಿ ಹತ್ರ ಚಾರ್ಜಿಗೆ. ನಮ್ಮ ಮನೆಗಳಲ್ಲಿ ಒಂದು ರೂಢಿ ಇದೆ. ದೊಡ್ಡೋರ ಫೋನೆಲ್ಲ ನಾನೇ ಕ್ಲೀನ್ ಮಾಡೋದು. ಗುಡ್ ಮಾರ್ನಿಂಗ್ ಫೋಟೋ ತುಂಬಿ ಫೋನ್ ಸ್ಲೋ ಆದಾಗ ಕರೆದು ಕೊಡ್ತಾರೆ, ಪಾಸ್‌ವರ್ಡ್ ಎಲ್ಲಾ ನನಗೆ ಗೊತ್ತು. ಅದನ್ನೇ ನೆಪ ಮಾಡ್ದೆ. ಫೋನ್ ಕೊಡಿ ದೊಡ್ಡಪ್ಪ, ಫೋಟೋ ತೆಗೆದು ಹಾಕ್ತೀನಿ ಅಂದೆ. ತಗೋ ತಗೋ, ಬೋ ನಿದಾನ ಆಗೈತೆ ಅಂದ್ರು.

ಫೈಲ್ ಇತ್ತು. ಡೌನ್‌ಲೋಡ್ ಆಗಿತ್ತು. ತೆಗೆದು ಹಾಕ್ದೆ. ಆಗ ಕಾಫಿ ಲೋಟ ಕೆಳಗಿಟ್ಟು ದೊಡ್ಡಪ್ಪ ಹೇಳಿದ್ರು, “ಬೆಳಿಗ್ಗೆ ಅದೇನೋ ಪಟ್ಟಿ ಕಳ್ಸಿದ್ಯಲ್ಲವ್ವಾ, ಕೆಲ್ಸ ಬೇಕಾದೋರ್ದಾ? ಅಕ್ಸರ ಸಣ್ಣ, ಓದಕ್ಕಾಗ್ಲಿಲ್ಲ. ವಿಸ್ವನಾತಂಗೆ ಕಳ್ಸಿದೀನಿ, ಪ್ರಿಂಟ್ ತಗದು ತತ್ತಾನೆ.”

ಫೋನ್ ಇನ್ನೂ ನನ್ನ ಕೈಯಲ್ಲೇ ಇದೆ. ವಿಶ್ವನಾಥ್ ಚಾಟ್ ತೆಗೆದೆ. ನಾನು ಗ್ರೂಪಲ್ಲಿ ಡಿಲೀಟ್ ಮಾಡೋಕ್ಕೆ ಮುಂಚೇನೇ, ಏಳು ಹದಿನೆಂಟಕ್ಕೆ ಹೋಗಿದೆ. ಒಂದೇ ಟಿಕ್ಕು. ಅವನು ಫಸ್ಟ್ ಶಿಫ್ಟು, ಬೆಳಿಗ್ಗೆ ಆರಕ್ಕೆ ಗೇಟಲ್ಲೇ ಫೋನ್ ಆಫ್ ಮಾಡಿ ಕೊಟ್ಟು ಒಳಗೆ ಹೋಗ್ಬೇಕು, ಎರಡು ಗಂಟೆಗೆ ಆಚೆ ಬರೋದು. ಇನ್ನೂ ತಲುಪಿಲ್ಲ. ದೊಡ್ಡಪ್ಪ ನನ್ನ ಮುಖ ನೋಡ್ತಾ ಕೂತಿದಾರೆ, ನಾನು ಅವರ ಫೋನಿಂದ, ಅವರ ಹೆಸರಲ್ಲಿ, ಅದನ್ನೂ ಡಿಲೀಟ್ ಮಾಡ್ದೆ. ಮಾಡಿ, ಆಯ್ತು ದೊಡ್ಡಪ್ಪ, ಈಗ ಫಾಸ್ಟ್ ಆಗುತ್ತೆ ಅಂತ ಕೈಗೆ ಕೊಟ್ಟೆ. ಆ ಪಟ್ಟಿ ಹಳೇದು, ತಪ್ಪಾಗಿ ಬಂತು ಅಂದೆ. ಓ, ಅಂಗಾ ಅಂದ್ರು. ಚಿಕ್ಕವಳಿದ್ದಾಗ ನನ್ನನ್ನ ಭುಜದ ಮೇಲೆ ಕೂರಿಸ್ಕೊಂಡು ಊರೆಲ್ಲ ತಿರುಗ್ಸಿದೋರು ಅವರು. ಮೊದಲ್ನೇ ಸಲ ಅವರಿಗೆ ಸುಳ್ಳು ಹೇಳ್ದೆ.

ಇಲ್ಲಿಗೆ ಮುಗೀತು ಅಂತ ನೀವು ಅನ್ಬಹುದು. ನಾನೂ ಕ್ರಾಸ್ ತಿರುಗೋವರೆಗೂ ಹಾಗೇ ಅಂದ್ಕೊಂಡೆ. ಆಮೇಲೆ ಉಳಿದ ಐದು ಜನ ನೆನಪಾದ್ರು. ಅದರಲ್ಲಿ ಇಬ್ರು ದೊಡ್ಡಪ್ಪನ ಥರಾನೇ ಫ್ಯಾಕ್ಟರಿಗೆ ಜನ ಕಳ್ಸೋರು. ಅವರ ಫೋನ್ ನನ್ನ ಕೈಗೆ ಯಾರು ಕೊಡ್ತಾರೆ? ಓದಿದ್ರಾ, ಸುಮ್ನೆ ತೆಗೆದು ಬಿಟ್ರಾ, ಇಟ್ಕೊಂಡ್ರಾ? ಗೊತ್ತಿಲ್ಲ. ಕೇಳೋ ಹಾಗೂ ಇಲ್ಲ, ಕೇಳಿದ್ರೆ ಇಲ್ಲದ ಕುತೂಹಲ ಹುಟ್ಟುತ್ತೆ.

ಹನ್ನೊಂದು ಗಂಟೆಗೆ ಶೈಲಶ್ರೀ ಅಕ್ಕಂಗೆ ಫೋನ್ ಮಾಡ್ದೆ. ಅದೇ ಗಂಟೇಲಿ ಅಂದಿದ್ರು, ಆಗ್ಲೇ ನಾಲ್ಕು ಗಂಟೆ ಕಳೆದುಹೋಗಿತ್ತು. ಬೈತಾರೆ ಅಂತ ಕಾದೆ. ಬೈಲಿಲ್ಲ, ಲೆಕ್ಕ ಬಿಡಿಸೋ ಥರ ಒಂದೊಂದೇ ಕೇಳಿದ್ರು. ಎಷ್ಟು ಹೊತ್ತು ಇತ್ತು, ಎಷ್ಟು ಜನ ನೋಡಿದ್ರು, ಯಾವ್ಯಾವ ಕಾಲಂ. ‘ಏನಂದ್ರು’ ಕಾಲಂ ವಿಷಯಾನೂ ಹೇಳ್ದೆ. ಅದನ್ನ ನಾವು ಕೇಳೇ ಇರ್ಲಿಲ್ಲವಲ್ಲ ಅಂದ್ರು. ದೊಡ್ಡಪ್ಪನ ಫೋನಲ್ಲಿ ನಾನು ಮಾಡಿದ್ದನ್ನ ಹೇಳಿದೆ. ಅದಕ್ಕೆ ಶಭಾಷ್ ಅಂತಾರೇನೋ ಅಂತ ಆಸೆ ಇತ್ತು. ಅದು ಒಂದು ತಪ್ಪು ಮುಚ್ಚೋಕೆ ಇನ್ನೊಂದು ಅಂತ ಅಂದು ಮುಂದಕ್ಕೆ ಹೋದ್ರು. ಕೇಂದ್ರ ಕಚೇರಿಗೆ ನಾನು ಹೇಳ್ತೀನಿ, ನೀನು ನಲವತ್ಮೂರು ಜನಕ್ಕೂ ಹೇಳು. ಇವತ್ತು, ನಾಳೆ ಒಳಗೆ. ಮೆಸೇಜ್ ಅಲ್ಲ, ಮುಖ ನೋಡಿ. ಅವರವರದ್ದು ಏನ್ ಹೋಯ್ತೋ ಅಷ್ಟನ್ನ ಮಾತ್ರ, ಪಕ್ಕದವರದ್ದು ಬಾಯಿ ಬಿಡ್ಬೇಡ.

ನಾನು ವಾದ ಮಾಡ್ದೆ. ಅಕ್ಕ, ಯಾರಿಗೂ ಏನೂ ಆಗದೇ ಇರಬಹುದು. ನಾವೇ ಹೋಗಿ ಹೆದರಿಸಿ, ಆಮೇಲೆ ಒಬ್ರಿಂದ ಒಬ್ರಿಗೆ ಗೊತ್ತಾಗಿ, ಇಲ್ಲದ ಬೆಂಕಿ ನಾವೇ ಹಚ್ಚಿದ ಹಾಗೆ ಆಗಲ್ವಾ ಅಂದೆ.

“ಆಗಬಹುದು,” ಅಂದ್ರು. “ಆದ್ರೆ ಹೆದರಬೇಕೋ ಬೇಡವೋ ಅಂತ ಅವರು ತೀರ್ಮಾನ ಮಾಡ್ಬೇಕು ದಿವ್ಯಾ. ನೀನಲ್ಲ, ನಾನೂ ಅಲ್ಲ.”

ಆ ಶೀಟ್ ಫೋನಿಂದ ತೆಗೆದು ಹಾಕು ಅಂದ್ರು. ತೆಗೆಯೋಕ್ಕೆ ಮುಂಚೆ ಯಾರ್ಯಾರ ಬಾಗಿಲಿಗೆ ಹೋಗ್ಬೇಕು ಅಂತ ಮನೆ ನಂಬರ್ ಮಾತ್ರ ಒಂದು ಚೀಟೀಲಿ ಬರ್ಕೊಂಡೆ.

ಸೌಮ್ಯಕ್ಕಂಗೆ ಅವತ್ತು ಸೆಕೆಂಡ್ ಶಿಫ್ಟು, ಒಂದೂಕಾಲಿಗೆ ಮನೆ ಬಿಡ್ತಾರೆ. ಮೊದಲು ಅಲ್ಲಿಗೇ ಹೋದೆ. ಡಬ್ಬಿಗೆ ಮುದ್ದೆ ಹಾಕ್ಕೊಳ್ತಿದ್ರು. ಒಳಗೆ ಬನ್ನಿ ಅಂದ್ರು, ನಾನು ಬಾಗಿಲಲ್ಲೇ ನಿಂತು ಎಲ್ಲಾ ಹೇಳ್ದೆ. ಅವರು ಕೇಳ್ತಾ ಕೇಳ್ತಾ ಡಬ್ಬಿ ಮುಚ್ಚಳ ಹಾಕಿದ್ರು, ತೆಗೆದ್ರು, ಮತ್ತೆ ಹಾಕಿದ್ರು. ಬರೆದಿದ್ರಾ ಅಂತ ಕೇಳಿದ್ರು. ಹೂಂ ಅಂದೆ. ಗಾರ್ಡಿಂದೂ, ಆ ಹುಡುಗಿ ಬೆರಳಿಂದೂ? ಹೂಂ. ನನ್ನ ಹೆಸರಿನ ಮುಂದೆ? ಹೂಂ.

ಸಾರಿ ಸೌಮ್ಯಕ್ಕ, ನಿಮ್ಮನ್ನ ಕೇಳಿ ಬರೀಬೇಕಿತ್ತು ಅಂದೆ.

“ಕೇಳಿದ್ರೆ ನಾನೇನ್ ಬೇಡ ಅಂತಿದ್ನಾ?” ಅಂದ್ರು. “ಫಾರ್ಮ್ ತಂದಾಗ್ಲೂ ಬೇಡ ಅನ್ಲಿಲ್ಲ. ನೀವು ನೀರು ಬಿಡೋಕೆ ಬಂದು ಬಾಗಿಲಲ್ಲಿ ನಿಂತ್ಕೋತೀರ. ಓನರ್ ಮಗಳು. ಬೇಡ ಅಂತ ಯಾವ ಬಾಯಲ್ಲಿ ಹೇಳೋದು ಹೇಳಿ.”

ಇದು ನನಗೆ ಬಿದ್ದ ಏಟು. ನಲವತ್ಮೂರು ನಲವತ್ಮೂರು ಅಂತ ಮೂರು ವಾರ ಕುಣಿದಿದ್ದೆ. ಅದರಲ್ಲಿ ಎಷ್ಟು ಜನ ಪಕ್ಷಕ್ಕೆ ಸೇರಿದ್ರು, ಎಷ್ಟು ಜನ ನಮ್ಮ ಟ್ಯಾಂಕಿಗೆ ಸೇರಿದ್ರು ಅಂತ ಒಂದು ದಿನಾನೂ ಯೋಚನೆ ಮಾಡಿರ್ಲಿಲ್ಲ.

ಆಮೇಲೆ ಸೌಮ್ಯಕ್ಕ ಹತ್ರ ಬಂದು, ಮೆಲ್ಲಗೆ, ಒಂದು ಮಾತು ಬೇಡ್ಕೊಂಡ್ರು. ಇದನ್ನ ಬೇರೆ ಯಾರಿಗೂ ಹೇಳ್ಬೇಡಿ. ವಿಶ್ವನಾಥಂಗೆ ಆ ಪಟ್ಟಿ ಸಿಕ್ಕಿಲ್ಲ ಅಂದ್ರಲ್ಲ, ಹಾಗಾದ್ರೆ ಅದು ಸತ್ತೋಯ್ತು ಅಂತ ಬಿಟ್ಟುಬಿಡಿ. ನಿಮ್ಮ ದೊಡ್ಡಪ್ಪನ ಕಡೆಯಿಂದ ಸೇರಿರೋ ನಮ್ಮಲ್ಲಿ ಎಲ್ಲರೂ ಒಂದೇ ಥರ ಇಲ್ಲ. ನೀವು ಹೋಗಿ ಇಂಥ ಪಟ್ಟಿ ಇತ್ತು ಅಂತ ಹೇಳಿದ್ರೆ, ಒಬ್ಬ ಹೋಗಿ ಅವನಿಗೆ ಊದ್ತಾನೆ, ಒಳ್ಳೇವನು ಅನ್ನಿಸ್ಕೊಳ್ಳೋಕೆ. ಆಮೇಲೆ ಗಾರ್ಡ್ ವಿಷಯ ಮಾತಾಡಿದ್ದು ಯಾರು ಅಂತ ಹುಡುಕೋಕೆ ಅವನಿಗೆ ಪಟ್ಟಿ ಬೇಡ, ನಾನೇ ಸಾಕು, ಹೋದ ತಿಂಗಳು ಅವನ ಜೊತೆ ಜಗಳ ಆಡಿದ್ದು ನಾನೊಬ್ಳೇ.

ಹೇಳಿ, ಡಬ್ಬಿ ಬ್ಯಾಗಿಗೆ ಹಾಕ್ಕೊಂಡು ಮೆಟ್ಲು ಇಳಿದು ಹೋದ್ರು. ನಾನು ಎರಡನೇ ಫ್ಲೋರ್ ಮೆಟ್ಲಲ್ಲಿ ಚೀಟಿ ಹಿಡ್ಕೊಂಡು ನಿಂತೆ. ಆ ಕಡೆ ಅಕ್ಕ ಎಲ್ಲರಿಗೂ ಹೇಳು ಅಂತಾರೆ. ಈ ಕಡೆ ಇವರು ಯಾರಿಗೂ ಹೇಳ್ಬೇಡ ಅಂತಾರೆ. ಇಬ್ರ ಮಾತೂ ಸರಿ. ಮೇಲೆ ಹತ್ತಿದೆ. ಇಳಿದೆ. ಮತ್ತೆ ಹತ್ತಿದೆ. ಟೆರೇಸಿಗೆ ಹೋಗಿ ಟ್ಯಾಂಕ್ ಮುಚ್ಚಳ ತೆಗೆದು ನೀರು ನೋಡ್ಕೊಂಡು ನಿಂತೆ, ಯಾಕೆ ಅಂತ ಕೇಳ್ಬೇಡಿ. ದೊಡ್ಡಪ್ಪನ ಕಡೆ ಹನ್ನೊಂದು ಜನ ಬಿಟ್ಟು ಉಳಿದ ಮೂವತ್ತೆರಡು ಜನಕ್ಕೆ ಹೇಳೋಣ ಅಂದ್ಕೊಂಡೆ. ಆದ್ರೆ ಅವರೆಲ್ಲ ಒಂದೇ ಬಸ್ಸಲ್ಲಿ ಹೋಗೋರು, ಒಂದೇ ಅಂಗಡೀಲಿ ಹಾಲು ತಗೊಳ್ಳೋರು. ಮಾತು ಎಲ್ಲಿ ನಿಲ್ಲುತ್ತೆ?

ನಾಲ್ಕು ಗಂಟೆ ಹೊತ್ತಿಗೆ ಸುಮ್ನಿರೋಣ ಅಂತ ತೀರ್ಮಾನ ಮಾಡ್ದೆ. ನಿಜವಾಗ್ಲೂ ಮಾಡ್ದೆ. ಚೀಟಿ ಹರಿಯೋಕ್ಕೆ ಅಂತ ತೆಗೆದಾಗ ಅದರಲ್ಲಿ ಎದುರು ಬಿಲ್ಡಿಂಗಿನ ಮೂರನೇ ನಂಬರ್ ಕಣ್ಣಿಗೆ ಬಿತ್ತು. ಯಮುನಾ ಮನೆ.

ಯಮುನಾ ಗಂಡನ್ನ ಬಿಟ್ಟು ಬಂದಿರೋ ಹುಡುಗಿ. ಬಿಟ್ಟು ಅಂದ್ರೆ ತಪ್ಪಿಸ್ಕೊಂಡು. ಹೊಸ ನಂಬರ್ ತಗೊಂಡಿದಾಳೆ, ನಾಲ್ಕೇ ಜನಕ್ಕೆ ಗೊತ್ತಿರೋದು ಅಂತ ಅವಳೇ ಹೇಳಿದ್ಳು. ಅದನ್ನೂ ನಾನು ‘ಏನಂದ್ರು’ ಕಾಲಮಲ್ಲಿ ಬರೆದಿದ್ದೆ. ಹೆಸರು, ಹೊಸ ನಂಬರು, ಯಾವ ಬಿಲ್ಡಿಂಗು, ಎಷ್ಟನೇ ಮನೆ, ಎಲ್ಲಾ ಒಂದೇ ಸಾಲಲ್ಲಿ. ಲಿಸ್ಟ್ ನೋಡಿದ ಆ ಐದು ಜನದಲ್ಲಿ ಒಬ್ರ ಹೆಂಡತಿ ಊರೂ, ಇವಳ ಗಂಡನ ಊರೂ ಒಂದೇ.

ಅವಳಿಗೆ ಹೇಳ್ದೇ ಹೇಗೆ ಇರೋದು? ಅವಳಿಗೊಬ್ಳಿಗೆ ಹೇಳಿ ಬೇರೆಯವರಿಗೆ ಬಿಟ್ರೆ, ಇನ್ನೊಬ್ಬರ ಸಾಲಲ್ಲಿ ಅವರಿಗೆ ಮಾತ್ರ ಗೊತ್ತಿರೋ ಇಂಥದ್ದೇ ಏನಾದ್ರೂ ಇದ್ರೆ? ನಾನು ಬರೆದಿದ್ದು ಬರೀ ಅವರು ಬಾಯಿಬಿಟ್ಟು ಹೇಳಿದ್ದು. ಹೇಳದೇ ಇದ್ದಿದ್ದು ಎಷ್ಟೋ.

ರಸ್ತೆ ದಾಟಿ ಯಮುನಾ ಬಾಗಿಲು ತಟ್ಟಿದೆ. ವಿಷಯ ಹೇಳ್ದೆ, ಅವಳು ಅಳಲಿಲ್ಲ. ಎಷ್ಟು ಹೊತ್ತಾಯ್ತು ಅಂತ ಮಾತ್ರ ಕೇಳಿದ್ಳು. ಒಂಬತ್ತು ಗಂಟೆ ಆಗೋಯ್ತು ಅಂದೆ. ಅಯ್ಯೋ ಬೆಳಿಗ್ಗೇನೇ ಹೇಳೋದಲ್ವಾ ಮೇಡಂ ಅಂದ್ಳು, ಅಷ್ಟೇ ಅವಳು ಬೈದಿದ್ದು. ಒಂದು ಬ್ಯಾಗಿಗೆ ಬಟ್ಟೆ ತುಂಬಿದ್ಳು. ಅವತ್ತು ಸಂಜೇನೇ ಸರ್ಜಾಪುರದ ಕಡೆ ಯಾರೋ ಫ್ರೆಂಡ್ ಮನೆಗೆ ಹೋದ್ಳು, ಸಿಮ್ ಮುರಿದು ಹಾಕಿ. ಭಾನುವಾರ ಮಧ್ಯಾಹ್ನ ಒಬ್ಬ ಬಂದು ಎದುರು ಬಿಲ್ಡಿಂಗಲ್ಲಿ ಮೂರನೇ ನಂಬರ್ ಮನೆ ಯಾವುದು ಅಂತ ಕೇಳಿದ್ನಂತೆ. ಅವನು ಯಾರೋ, ಗಂಡಾನೋ, ಸಿಲಿಂಡರ್‌ನವನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅವಳ ಮನೆಯಿಂದ ಆಚೆ ಬಂದೋಳು ನಿಲ್ಲಲಿಲ್ಲ. ಶನಿವಾರ ಸಂಜೆ, ಭಾನುವಾರ ಇಡೀ ದಿನ, ಮನೆ ಮನೆಗೂ ಹೋದೆ. ಕೆಲವರು ಅಷ್ಟೇನಾ ಅಂತ ನಕ್ರು. ಪಾಪಯ್ಯ ಅಂತ ಸೆಕ್ಯುರಿಟಿ ಕೆಲಸದವರು, ನನ್ನ ನಂಬರ್ ತಗೊಂಡು ಯಾರ್ ಏನ್ ಮಾಡ್ತಾರವ್ವಾ, ಲೋನ್ ಕೊಡ್ತೀವಿ ಅಂತ ದಿನಾ ಹತ್ತು ಜನ ಮಾಡ್ತಾರೆ ಅಂದ್ರು. ಕೆಲವರು ಬಾಗಿಲಲ್ಲೇ ಬೈದ್ರು. ಹತ್ತೊಂಬತ್ತು ಜನ ಹೆಸರು ತೆಗೀರಿ ಅಂದ್ರು. ಬೇಡ ಅನ್ನೋಕೆ ಒಂದು ದಾರಿ ಸಿಕ್ಕಿದ್ದಕ್ಕೆ ಅವರಲ್ಲಿ ಎಷ್ಟೋ ಜನದ ಮುಖ ಹಗುರ ಆಗಿದ್ದನ್ನ ನೋಡ್ದೆ. ಬೇರೆಯವರದ್ದು ಏನಿತ್ತು ಅಂತ ಕೇಳಿದೋರಿಗೆ ಹೇಳಲಿಲ್ಲ. ಸೌಮ್ಯಕ್ಕನ ಹೆಸರು ಒಂದು ಸಲಾನೂ ಬಾಯಿಗೆ ಬರ್ಲಿಲ್ಲ, ಆಣೆ ಮಾಡಿ ಹೇಳ್ತೀನಿ.

ಮಂಗಳವಾರ ದೊಡ್ಡಪ್ಪ ಫೋನ್ ಮಾಡಿದ್ರು. ಶನಿವಾರ ಎರಡು ಗಂಟೆಗೆ ವಿಶ್ವನಾಥ್ ಫೋನ್ ಆನ್ ಮಾಡಿದಾಗ, ಸಾಹೇಬ್ರು ಏನೋ ಕಳ್ಸಿ ಡಿಲೀಟ್ ಮಾಡಿದಾರೆ ಅಂತ ಕಂಡಿದೆ. ಏನೋ ಇರ್ಲಿ ಅಂತ ಬಿಟ್ಟಿದ್ದನಂತೆ. ಸೋಮವಾರ ಅವರ ಜನದಲ್ಲೇ ಯಾರೋ ಹೋಗಿ, ಪಕ್ಷದವರ ಪಟ್ಟಿ ಹೊರಗೆ ಹೋಗಿತ್ತಂತೆ, ಕಂಪನಿ ವಿಷಯ ಎಲ್ಲಾ ಅದರಲ್ಲಿತ್ತಂತೆ ಅಂತ ಊದಿದ್ಮೇಲೆ ಎರಡೂ ಜೋಡಿಸ್ಕೊಂಡ. ದೊಡ್ಡಪ್ಪ ಕಿರುಚಲಿಲ್ಲ. ಕಿರುಚಿದ್ರೆ ಚೆನ್ನಾಗಿತ್ತು. ನನ್ ಫೋನಾಗೆ ನಂಗೇ ಸುಳ್ ಏಳ್ದಲ್ಲವ್ವಾ ಅಂದ್ರು. ಆಮೇಲೆ, ನಮ್ಮೋರ್ ಪೈಕಿ ಯಾರ್ ಯಾರವ್ರೆ ಅದ್ರಾಗೆ, ಏಳು ಅಂದ್ರು. ಹೇಳಲ್ಲ ದೊಡ್ಡಪ್ಪ ಅಂದೆ. ಎರಡು ಸಲ ಕೇಳಿದ್ರು. ಎರಡು ಸಲ ಹೇಳಲ್ಲ ಅಂದೆ. ಫೋನ್ ಇಟ್ರು.

ವಿಶ್ವನಾಥ್ ಯಾರನ್ನೂ ಕೇಳ್ಬೇಕಾಗಿರ್ಲಿಲ್ಲ. ಬುಧವಾರ ಸೌಮ್ಯಕ್ಕ ಮಧ್ಯಾಹ್ನ ಒಂದೂಕಾಲಿಗೆ ಹೋದೋರು ಎರಡೂವರೆಗೆ ವಾಪಸ್ ಬಂದ್ರು. ಗೇಟಲ್ಲೇ ನಿಲ್ಲಿಸಿದ್ರಂತೆ. ನಾಳೆಯಿಂದಾನೂ ಬರೋದು ಬೇಡ ಅಂದ್ರಂತೆ. ನಾನು ದೊಡ್ಡಪ್ಪನ ಮನೆಗೆ ಓಡಿದೆ. ಕೆಲಸಕ್ಕೆ ವಾಪಸ್ ತಗೊಳ್ಳಿ ಅಂತ ಕೈ ಮುಗಿದೆ. “ನಿನ್ ಪಕ್ಸದೋರ್ನೇ ಕೇಳು, ಅವ್ರೇ ಕೊಡುಸ್ಲಿ” ಅಂದು ಟಿವಿ ಕಡೆ ತಿರುಗಿದ್ರು.

ಶೈಲಶ್ರೀ ಅಕ್ಕ ಲೇಬರ್ ಆಫೀಸಿಗೆ ಅರ್ಜಿ ಬರೀತೀವಿ ಅಂತ ಬಂದ್ರು. ಸೌಮ್ಯಕ್ಕ ಸದ್ಯಕ್ಕೆ ಬೇಡ ಅಂದ್ರು, ಈಗ ಒಂದು ಗಾರ್ಮೆಂಟ್ಸಲ್ಲಿ ಹೆಲ್ಪರ್ ಆಗಿ ಸೇರ್ಕೊಂಡಿದಾರೆ, ಪ್ರೆಸ್ ಶಾಪಿನಷ್ಟು ಸಂಬಳ ಇಲ್ಲ. ಪಕ್ಷದವರು ನನ್ನ ಫೋನಿಂದ ಆ್ಯಪ್ ತೆಗೆಸಿದ್ರು, ಆರು ತಿಂಗಳು ಸದಸ್ಯತ್ವದ ಕೆಲಸ ಇಲ್ಲ. ಮೀಟಿಂಗಲ್ಲಿ ಚೇರ್ ಹಾಕ್ತೀನಿ. ಸರಿಯಾಗೇ ಇದೆ. ಹೋದ ವಾರ ನೀರು ಬಿಡೋಕೆ ಹೋದಾಗ ಸೌಮ್ಯಕ್ಕನ್ನ ಕೇಳಿದೆ, ನಿಮ್ಮ ಹೆಸರು ತೆಗೆಸ್ಲಾ ಅಂತ. ಇರ್ಲಿ ಬಿಡಿ, ಈಗ ತೆಗೆದು ಏನು ಅಂದ್ರು. ಗಾರ್ಡ್ ಹಾಕಿದ್ರಂತಾ ಅಂತ ಕೇಳಿದೆ. ಇಲ್ಲ ಅಂದ್ರು. ಡ್ರಮ್ ತುಂಬಿತ್ತು, ಬಾಗಿಲು ಹಾಕ್ಕೊಂಡ್ರು.

ನನಗೆ ಈಗಲೂ ಒಂದು ಕಡೆ ಕೂರೋಕ್ಕಾಗಲ್ಲ. ಯಾವುದಾದ್ರೂ ಮೆಸೇಜ್ ಕಳಿಸಿದ್ರೆ ಮೂರು ಸಲ ತೆಗೆದು ನೋಡ್ತೀನಿ. ಲಿಸ್ಟ್ ಮಾಡಿದ್ದು ತಪ್ಪು, ಫೋನಲ್ಲಿಟ್ಟಿದ್ದು ತಪ್ಪು, ದೊಡ್ಡಪ್ಪನ ಫೋನಿಗೆ ಕೈ ಹಾಕಿದ್ದು ತಪ್ಪು, ಇದರ ಬಗ್ಗೆ ನನ್ನನ್ನ ಕೇಳ್ಬೇಡಿ, ಒಪ್ಕೊಂಡಾಯ್ತು. ನನಗೆ ನಿದ್ದೆಗೆಡಿಸ್ತಿರೋದು ಆಮೇಲಿಂದು. ಬಾಯಿ ಮುಚ್ಕೊಂಡಿದ್ರೆ ಬಹುಶಃ ಸೌಮ್ಯಕ್ಕ ಇವತ್ತೂ ಅದೇ ಕೆಲಸದಲ್ಲಿ ಇರ್ತಿದ್ರು, ಆ ಗಾರ್ಡ್ ಇಲ್ಲದ ಮೆಷಿನ್ ಮುಂದೆ. ಬಾಯಿ ಮುಚ್ಕೊಂಡಿದ್ರೆ ಭಾನುವಾರ ಮಧ್ಯಾಹ್ನ ಬಂದವನಿಗೆ ಬಹುಶಃ ಯಮುನಾ ಬಾಗಿಲು ತೆಗೀತಿದ್ಳು. ಇಬ್ರಲ್ಲಿ ಒಬ್ಬರನ್ನ ಮಾತ್ರ ಉಳಿಸ್ಕೊಳ್ಳೋಕೆ ಆಗ್ತಿತ್ತು. ಆ ಶನಿವಾರ ಮಧ್ಯಾಹ್ನ, ಚೀಟಿ ಕೈಯಲ್ಲಿಟ್ಕೊಂಡು ಆ ಮೆಟ್ಲಲ್ಲಿ ನಿಂತಿದ್ದು ನೀವಾಗಿದ್ರೆ, ಯಾರ ಬಾಗಿಲು ತಟ್ಟುತ್ತಿದ್ರಿ, ಹೇಳಿ?